ನನ್ನ ನೆಗೆಣ್ಣಿ ಮತ್ತು ನಟ್ಟನಡುವಿನ ಮನಿ

ನಮ್ಮ ಯಮನೂರಮ್ಮನ ಬಗ್ಗೆ ಜವಳಗೇರಾದಾಗ ಯಾರನ್ನ ಕೇಳಿದ್ರೂ ಹೊಗಳ್ತಾರ. ನನ್ನನ್ನ, ಈ ಗಂಗಾನ್ನ, ಕೇಳಬ್ಯಾಡ್ರಿ. ಕೇಳಿದ್ರ ಖರೇನ ಹೇಳ್ತೀನಿ, ಆಕಿನ ಕಂಡ್ರ ನನಗ ಹೊಟ್ಟ್ಯಾಗ ಖಾರ ಕಲಸಿದಂಗ ಆಗ್ತೈತಿ. ಆಕಿ ನನ್ನ ಗಂಡ ಸಿದ್ದರಾಮನ ಅಣ್ಣನ ಹೆಂಡ್ತಿ, ನನಗ ನೆಗೆಣ್ಣಿ. ಒಂದ ಅಂಗಳ, ಎರಡು ಬಾಗಲಾ. ದಿನಾ ಮುಂಜಾನೆ ಎದ್ದು ಆಕಿ ಮುಖಾನ ನೋಡಬೇಕು, ಏನ್ಮಾಡ್ಲಿ?

ಆಕಿ ಮಸ್ಕಿ ಕಡೆ ಖುಷ್ಕಿ ಊರಿನಾಕಿ. ಮಳಿ ಬಂದ್ರ ಜ್ವಾಳ, ಇಲ್ಲಂದ್ರ ಇಲ್ಲ. ನಾನು ಇದ ಊರಿನ ಮಗಳು, ಸ್ವಾದರತ್ತಿ ಮಗನ್ನ ಮದಿವ್ಯಾಗಿ ಇಲ್ಲೇ ಉಳಿದಾಕಿ. ಯಮನೂರಮ್ಮ ಮೊದಲನೇ ಸಲ ಭತ್ತದ ಗದ್ದ್ಯಾಗ ಇಳಿದಾಗ ದೊಪ್ಪಂತ ಬಿದ್ಲು, ಸೀರಿ ಎಲ್ಲಾ ರಾಡಿ. ಭಾಳ ನಕ್ಕಾಕಿ ನಾನ. ಕೈ ಹಿಡಿದು ನಾಟಿ ಹಚ್ಚೋದು ಕಲಿಸಿದಾಕೀನೂ ನಾನ. ಈಗ ನೋಡ್ರಿ ತಮಾಷಿ! ನಾಟಿ ಗ್ಯಾಂಗಿಗೆ ಆಕಿನ ಮುಂದಾಳು. ವಳಕಮದಿನ್ನಿ ರೈತರು ಆಕಿಗೆ ಫೋನ್ ಹಚ್ತಾರ. ಎಕರೆಕ್ಕ ಇಷ್ಟು ಅಂತ ಗುತ್ತಿಗಿ ಮಾತಾಡಾಕಿ ಆಕಿ. ಟಂಟಂನಾಗ ಡ್ರೈವರ್ ಬಾಜೂಕ ಕೂಡಾಕಿ ಆಕಿ, ಹಿಂದ ಕುರಿ ತುಂಬಿದಂಗ ಕೂಡಾಕಿ ನಾನು. ಉರಿಯಂಗಿಲ್ಲೇನ್ರಿ?

ಅತ್ತಿ ಸತ್ತ ಮ್ಯಾಲೆ ಒಲಿ ಬ್ಯಾರೆ ಆದವು. ಜಗಳಾ ತಗದು ಮಾಡಿಸಿದಾಕಿ ನಾನ. ಆಕಿಗೆ ಮಕ್ಕಳಿಲ್ಲ. ನನಗ ನಾಗವೇಣಿ ಅದಾಳ, ಸಿಂಧನೂರಾಗ ಕಾಲೇಜ್ ಓದಾಕತ್ಯಾಳ. ಅದೊಂದರಾಗರ ನಾನು ಆಕಿಗಿಂತ ಮ್ಯಾಲೆ ಅಂತ ಜೀವಕ್ಕ ಸಮಾಧಾನ ಇತ್ತು.

ಮೊನ್ನೆ ಸುಕನ್ಯಾ ಮೇಡಂ ಬಂದ್ರು, ಮನಿ ಮನಿ ವರಮಾನ ಕೇಳೋರು. ಕೊರೋನಾಕ್ಕಿಂತ ಮೊದಲೂ ಬಂದಿದ್ರು, ಆಗ ನಾವು ಒಂದ ಮನಿ. ನಡುವಿನ ಕಟ್ಟಿ ಮ್ಯಾಲೆ ಕುಂತು ತಿಳಿಸಿ ಹೇಳಿದ್ರು: "ತಾಲೂಕಿನ ಮನಿಗಳನ್ನೆಲ್ಲ ಕಡಿಮಿ ಗಳಿಕೆಯಿಂದ ಹೆಚ್ಚಿಗೆ ಗಳಿಕೆ ತನಕ ಸಾಲಾಗಿ ನಿಂದ್ರಿಸಿದ್ರ, ನಟ್ಟನಡುವ ಯಾವ ಮನಿ ಬರ್ತೈತಿ ನೋಡ್ತೀವಿ. ನಡುವಿನ ಮನಿ ಗಳಿಕೆ ಕೊರೋನಾಕ್ಕಿಂತ ಮೊದಲು ಎಷ್ಟಿತ್ತು, ಈಗ ನಡುವ ಬರೋ ಮನಿದು ಎಷ್ಟೈತಿ ಅಂತ. ಸರಾಸರಿ ತಗದ್ರ ಒಬ್ಬ ಮಿಲ್ಲಿನ ಸಾವ್ಕಾರನ ರೊಕ್ಕಾ ಎಲ್ಲಾರ ತಲಿಗೆ ಹಂಚಿದಂಗ ಕಾಣ್ತೈತಿ."

ನನಗ ಕೇಳಿಸಿದ್ದು ಒಂದ ಮಾತು, ಸಾಲು. ಆ ಸಾಲಿನ್ಯಾಗ ಆಕಿ ನನಗಿಂತ ಮುಂದ ನಿಂದ್ರಬಾರದು, ಅಷ್ಟ.

"ಏನೈತಿ ರೀ, ಹೊಟ್ಟಿ ಬಟ್ಟಿ ನಡೀತೈತಿ," ಅಂತ ಗಳಿಕೆ ಕಡಿಮಿನ ಬರಿಸಿದ್ಲು ಯಮನೂರಮ್ಮ. ಊರಾಗ ಎಲ್ಲಾರೂ ಹಂಗ ಅಂತಾರ, ರೇಷನ್ ಕಾರ್ಡ್ ಹೋಗ್ತೈತಿ ಅಂತ ಅಂಜಿಕಿ. ನನ್ನ ಸರದಿ ಬಂತು. ಲೀಜಿಗೆ ಮಾಡಿದ ಹೊಲದ ಭತ್ತದ ಚೀಲ ಎಲ್ಲಾ ನಮ್ಮವ ಅಂದೆ. ಹೊಲದ ಮಾಲೀಕನ ಪಾಲು, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗಿ ಯಾವುದೂ ಕಳೀಲಿಲ್ಲ. ಸಿದ್ದರಾಮ ಒಂದ ಸವನ ಕೆಮ್ಮಿದ. "ನೀ ಸುಮ್ಕಿರಲೇ," ಅಂದೆ. ಮೇಡಂ ಬರಕೊಂಡ್ರು. ನನ್ನ ಮನಿ ಯಮನೂರಮ್ಮನ್ನ ದಾಟಿ ಹೋತು. ಎಷ್ಟು ತಣ್ಣಗಾತಂತೀರಿ ಜೀವಾ!

"ಮನ್ಯಾಗ ಎಷ್ಟು ಮಂದಿ?" ಅಂದ್ರು.

"ಮೂವರು. ನಾವಿಬ್ರು, ನನ್ನ ಮಗಳು," ಅಂತ ನೆಗೆಣ್ಣಿಗೆ ಕೇಳಲಿ ಅಂತ ಜೋರಾಗೇ ಅಂದೆ.

ಅಷ್ಟರಾಗ ನಾಗವೇಣಿ ಬಸ್ ಇಳಿದು ಬಂದ್ಲು. ಬ್ಯಾಗ್ ಸಮೇತ ಸೀದಾ ಯಮನೂರಮ್ಮನ ಬಾಗಲಾಗ ಹೊಕ್ಕಳು. ಒಳಗ ತಾಟಿನ ಸಪ್ಪಳಾತು. "ದೊಡ್ಡಮ್ಮಾ, ಪುಂಡಿಪಲ್ಯ ಎಲ್ಲಿಟ್ಟೀ?"

ಮೇಡಂ ಪೆನ್ನು ನಿಂತಿತು. "ನಮ್ಮ ಲೆಕ್ಕದಾಗ ಒಂದು ಒಲಿ ಮ್ಯಾಲೆ ಉಣ್ಣೋರು ಒಂದು ಮನಿ, ಅಕ್ಕಾ. ಎಲ್ಲಿ ಮಲಗ್ತಾರ ಅನ್ನೋದಲ್ಲ," ಅಂದು ಹುಡುಗಿನ್ನ ಹೊರಗ ಕರೆದ್ರು. "ಹೆಚ್ಚಾಗಿ ಯಾವ ಮನ್ಯಾಗ ಉಣ್ತೀಯಮ್ಮಾ?"

ನಾಗವೇಣಿ ನನ್ನ ಮುಖಾ ನೋಡಲಿಲ್ಲ. "ಇಲ್ಲೇ ರೀ. ದೊಡ್ಡಮ್ಮನ ಹಂತ್ಯಾಕ."

"ಹಂಗಾದ್ರ ಹೆಸರು ಈ ಮನಿಗೆ ಬರ್ತೈತಿ."

"ಹಡೆದಾಕಿ ನಾನ್ರೀ!" ಅಂತ ಎದ್ದು ನಿಂತು ಒದರಿದೆ. "ಕೂಲಿಗೆ ಹೋಗಿ ಹೊತ್ತು ಮುಣುಗಿದ ಮ್ಯಾಲೆ ಬರ್ತೀನಿ. ಹುಡುಗಿ ಹಸದು ಕುಂದ್ರಬೇಕೇನು? ಅಷ್ಟಕ್ಕ ಆಕಿ ಮಗಳಾಗ್ತಾಳೇನು?"

"ಹಡೆದಾಕಿ ಯಾರು ಅಂತ ಇದರಾಗ ಕೇಳಂಗಿಲ್ಲಕ್ಕಾ," ಅಂದ್ರು ಮೇಡಂ, ಮೆತ್ತಗ.

ನಾನು ಯಮನೂರಮ್ಮನ್ನ ನೋಡಿದೆ. ನಗ್ತಾಳ, ಈಗ ನಗ್ತಾಳ ಅಂತ ಕಾದೆ. ಆಕಿ ಸೆರಗಿಲೆ ಕೈ ಒರಸಿಕೊಂಡು, "ಮೇಡಂ, ಗಂಗಾನ ಮನಿಗೇ ಬರೀರಿ. ಹುಡುಗಿ ಅವರದು. ಕಾಲೇಜಿನಿಂದ ಬಂದು ಒಂದು ರೊಟ್ಟಿ ತಿಂತಾಳ, ಅಷ್ಟ," ಅಂದ್ಲು.

ಮೇಡಂ ಬರೆದ್ರು. ನನ್ನ ಮನಿ ಮೂವರದು ಆತು, ಆಕಿ ಮನಿ ಇಬ್ಬರದು. ನಾಗವೇಣಿ ತಾಟು ಹಿಡಕೊಂಡು ದೊಡ್ಡಮ್ಮನ್ನ ನೋಡಿದ್ಲು, ಕಣ್ಣಾಗ ನೀರು ತುಂಬಿತ್ತು. ನಾನು ಹಡೆದ ಮಗಳನ್ನ ಆಕಿ ಎಲ್ಲಾರ ಮುಂದ ನನಗ ಕೊಟ್ಲು, ನಾನು ತಗೊಂಡೆ.