ಕುರ್ಚಿಯ ಚಕ್ರಕ್ಕೊಂದು ಲಿಂಬೆಹಣ್ಣು

ನೆನೆದರೆ ಇವತ್ತಿಗೂ ನನಗೆ ಕೂತಲ್ಲಿ ಕೂರಲು ಆಗುವುದಿಲ್ಲ. ಅಂಥ ಸಂತೋಷ. ಆದರೆ ಆ ಮಧ್ಯಾಹ್ನ ಮಾತ್ರ ಜೀವ ಬಾಯಿಗೆ ಬಂದಿತ್ತು.

ಆಯುಧ ಪೂಜೆಯ ದಿನ ನಮ್ಮಲ್ಲಿ ಅಡಿಗೆಮನೆಯ ಮೆಟ್ಟುಕತ್ತಿಯಿಂದ ಹಿಡಿದು ಮಗನ ಸ್ಕೂಟರಿನವರೆಗೆ ಎಲ್ಲಕ್ಕೂ ಕುಂಕುಮ ಬೀಳಬೇಕು. ಮಗನ ಬ್ಯಾಂಕಿನ ಕೆಲಸದ ಹಿಂದೆ ಉಡುಪಿಯ ಕಡೆಯಿಂದ ಕೊಲ್ಕತ್ತಕ್ಕೆ ಬಂದ ಮೇಲೂ ನಾನು ಅದನ್ನು ಬಿಟ್ಟವಳಲ್ಲ. ಲೇಕ್ ಗಾರ್ಡನ್ಸಿನ ಬಾಡಿಗೆ ಮನೆಗೆ ಕಂಪ್ಯೂಟರು ಬಂದ ವರ್ಷ ಅದಕ್ಕೂ ಗಂಧ ಹಚ್ಚಿದೆ. ಪೆಟ್ಟಿಗೆಯಂಥ ಅದರ ತಲೆಯ ಮೇಲೆ ಗೊಂಡೆಹೂವಿನ ಮಾಲೆ ಇಟ್ಟು ಆರತಿ ಎತ್ತಿದೆ. ನಾಳೆ ವಿಜಯದಶಮಿಗೆ ವಿಸರ್ಜನೆ ಆಗುವವರೆಗೆ ಯಾರೂ ಮುಟ್ಟಬಾರದು ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಪೂಜೆಗೆ ಇಟ್ಟ ಆಯುಧ ಆ ದಿನ ಕೆಲಸ ಮಾಡಬಾರದು. ಅದು ಅತ್ತೆಯ ಕಾಲದ ಕಟ್ಟು. ಮೆಟ್ಟುಕತ್ತಿ ಮುಟ್ಟುವ ಹಾಗಿಲ್ಲವೆಂದು ತರಕಾರಿಯನ್ನೂ ಹಿಂದಿನ ದಿನವೇ ಹೆಚ್ಚಿಟ್ಟುಕೊಳ್ಳುವವಳು ನಾನು.

ಊಟ ಮುಗಿಯುವ ಹೊತ್ತಿಗೆ ಮೊಮ್ಮಗಳು ಬೀದಿಯಿಂದ ಓಡಿಬಂದಳು. ಕೈಯಲ್ಲಿ ಸುರುಳಿ ಸುತ್ತಿದ ದೊಡ್ಡ ಫೋಟೋ. ಮುಖ ಸುಟ್ಟ ಬದನೆಕಾಯಿಯ ಹಾಗಾಗಿತ್ತು.

"ಬೇಡ ಅಂದ್ರು ಅಜ್ಜಿ. ಪೂಜೆ ನಡೆಸೋ ಕ್ಲಬ್ಬಿನ ಅಣ್ಣ, ಆ ದಾದಾ, ಎಲ್ಲರ ಎದುರಿಗೆ ಹೇಳಿದ್ರು, 'ಎ ತೊ ಪುರೊ ಅಂಧೊಕಾರ್!' ಅಂತ. ಹುಡುಗೀರೆಲ್ಲ ನಕ್ರು."

ಪೂರಾ ಕತ್ತಲು ಎನ್ನುವುದಕ್ಕೆ ನನಗೆ ಬಂಗಾಳಿ ಬರಬೇಕೆಂದಿಲ್ಲ. ಫೋಟೋ ಬಿಡಿಸಿ ನೋಡಿದೆ. ಮೇಲೆ ಆಕಾಶ, ನಡುವೆ ಒಂದು ಗೆರೆ ಗಂಗೆ, ಕೆಳಗೆ ಅರ್ಧಕ್ಕರ್ಧ ದೋಸೆಕಾವಲಿಯ ತಳದಂಥ ಕಪ್ಪು.

ಆ ಫೋಟೋದ ಮಹತ್ವ ನಿಮಗೆ ಹೇಳಬೇಕು. ಮಗನಿಗೆ ವರ್ಗವಾದಾಗೆಲ್ಲ ಮಗುವಿನ ಸ್ನೇಹಿತೆಯರು ಹಿಂದಿನ ಊರಿನಲ್ಲೇ ಉಳಿಯುತ್ತಿದ್ದರು. ಈ ಬೀದಿಗೆ ಬಂದ ಮೇಲಂತೂ ಒಬ್ಬಳೂ ಬಾಗಿಲು ತಟ್ಟಿದ್ದಿಲ್ಲ. ಆ ಸಲ ದುರ್ಗಾಪೂಜೆಯ ಪೆಂಡಾಲಿನ ಪಕ್ಕದಲ್ಲಿ 'ನಮ್ಮ ನದಿ' ಎಂದು ಫೋಟೋ ತೂಗುಹಾಕಲು ಹೊರಟ ಹುಡುಗಿಯರು, ಇವಳ ಕೈಯಲ್ಲಿ ಕ್ಯಾಮೆರಾ ಕಂಡು, ನೀನೂ ಒಂದು ಕೊಡು ಎಂದಿದ್ದರು. ಅಷ್ಟಕ್ಕೇ ಮಗು ಒಂದು ವಾರ ಹಾಡುತ್ತಾ ತಿರುಗಿತ್ತು. ಬೆಳಕು ಹರಿಯುವ ಮೊದಲೇ ನನ್ನನ್ನೂ ಎಬ್ಬಿಸಿ, ಅಪ್ಪನಿಂದ ಟ್ಯಾಕ್ಸಿ ಮಾಡಿಸಿ, ದಕ್ಷಿಣೇಶ್ವರದಲ್ಲಿ ಗಂಗೆಗೆ ಇಳಿಯುವ ಮೆಟ್ಟಿಲಿನ ಘಾಟಿಗೆ ಹೋಗಿ ತೆಗೆದ ಫೋಟೋ ಅದು.

"ಕಂಪ್ಯೂಟರಿನಲ್ಲಿ ಮೆಟ್ಟಿಲು ಕಾಣ್ತಿತ್ತಲ್ಲ?" ಎಂದೆ.

"ಅದ್ರಲ್ಲಿ ಬೆಳಕು ಒಳಗಿಂದ ಬರ್ತದೆ. ಪೇಪರಿಗೆ ಅದಿಲ್ಲ. ನಾನು ಶ್ಯಾಡೋ ಎತ್ಬೇಕಿತ್ತು, ಕಪ್ಪಿದ್ದಲ್ಲಿ ಬೆಳಕು ಜಾಸ್ತಿ ಮಾಡ್ಬೇಕಿತ್ತು, ಮಾಡ್ಲಿಲ್ಲ. ಸಂಜೆ ಆರತಿಗೆ ಢಾಕ್ ಡೋಲು ಬಾರಿಸೋ ಮೊದ್ಲು ಸರಿ ಮಾಡಿ ತರದಿದ್ರೆ ಆ ಜಾಗ ಬೇರೆಯವರಿಗೆ."

ಎಲ್ಲರೂ ಕಂಪ್ಯೂಟರಿನ ಕಡೆ ನೋಡಿದರು. ಆಮೇಲೆ ನನ್ನ ಕಡೆ.

"ಅಜ್ಜಿ ಹತ್ರ ಕೇಳು. ನಾನು ಎಂತ ಹೇಳ್ಲಿಕ್ಕೂ ಇಲ್ಲ" ಎಂದು ಮಗ ಜಾರಿಕೊಂಡ. ಸೊಸೆ ತೊಳೆದ ಲೋಟವನ್ನೇ ಮತ್ತೆ ತೊಳೆದಳು.

ಒಂದು ಕಡೆ ಅತ್ತೆ, ಇನ್ನೊಂದು ಕಡೆ ಈ ಮುಖ. "ಪೂಜೆಗೆ ಇಟ್ಟದ್ದು ಮಗಾ..." ಎಂದೆ.

"ಅಪ್ಪನ ಸ್ಕೂಟರಿಗೂ ಬೆಳಿಗ್ಗೆ ಪೂಜೆ ಆಯ್ತಲ್ಲ? ಅದ್ರಲ್ಲೇ ಹೋಗಿ ಮಿಷ್ಟಿ ದೋಯಿ ತಂದ್ರು. ನೀವೂ ಆ ಸಿಹಿ ಮೊಸರು ತಿಂದ್ರಿ!"

"ಅದು ವಾಹನ. ಚಕ್ರದ ಅಡಿಗೆ ಲಿಂಬೆಹಣ್ಣು ಇಟ್ಟು ಓಡಿಸಿದ ಮೇಲೆ ಅದಕ್ಕೆ ಬಿಡುಗಡೆ."

"ಇದಕ್ಕೂ ಲಿಂಬೆಹಣ್ಣು ಇಡಿ."

"ಕಂಪ್ಯೂಟರಿಗೆ ಚಕ್ರ ಎಲ್ಲುಂಟು ಮಾರಾಯ್ತಿ?"

ಅವಳು ಸುತ್ತ ನೋಡಿದಳು. ಕಂಪ್ಯೂಟರಿನ ಎದುರಿದ್ದ ಗಿರಗಿರ ತಿರುಗುವ ಕುರ್ಚಿಯನ್ನು ಕಾಲಿನಿಂದ ಒದ್ದಳು. ಅದು ಸರ್ರನೆ ನನ್ನ ಹತ್ತಿರ ಬಂದು ನಿಂತಿತು.

"ಇದಕ್ಕೆ ಉಂಟು."

ನಗು ಬಂತು, ನಗಲಿಲ್ಲ. ದೇವರ ಮುಂದೆ ನಿಂತೆ. ತಪ್ಪಾದರೆ ನನಗೇ ಇರಲಿ, ಮಗುವಿಗೆ ಬೇಡ ಎಂದುಕೊಂಡೆ. ಬುಟ್ಟಿಯಿಂದ ಲಿಂಬೆಹಣ್ಣು ತಂದು ಕುಂಕುಮ ಹಚ್ಚಿ ಕುರ್ಚಿಯ ಚಕ್ರದ ಮುಂದೆ ಇಟ್ಟೆ. ಮೊಮ್ಮಗಳು ಹತ್ತಿ ಕೂತಳು.

"ಅಪ್ಪಾ, ಗೇರ್ ಹಾಕಿ!"

ಮಗ ನೂಕಿದ. ಲಿಂಬೆಹಣ್ಣು ಜಾರಿ ಮಂಚದ ಅಡಿಗೆ ಹೋಯಿತು. ಅಪಶಕುನವೋ ಏನೋ. ಸೊಸೆ ಬಗ್ಗಿ ಅದನ್ನು ಹುಡುಕಿ ತೆಗೆದು, ಮತ್ತೆ ಚಕ್ರದ ಮುಂದಿಟ್ಟು ಬೆರಳಿನಿಂದ ಹಿಡಿದುಕೊಂಡಳು. "ಕೈ ತೆಗಿ, ಕೈ ತೆಗಿ!" ಎಂದು ಮಗ ಕೂಗಿದ. ಪಚಕ್ಕೆಂದು ಒಡೆಯಿತು. ಕೋಣೆ ತುಂಬ ಲಿಂಬೆಯ ವಾಸನೆ.

ನಾನೇ ಮಾಲೆಯನ್ನು ತೆಗೆದೆ. ಒದ್ದೆ ಬಟ್ಟೆಯಿಂದ ಗಾಜಿನ ಮೇಲಿನ ಗಂಧ ಒರಸಿದೆ.

ಅವಳು ಶುರುಮಾಡಿದಳು. ನಾನು ಅವಳ ಬೆನ್ನ ಹಿಂದೆ ನಿಂತೆ. ಪರದೆಯಲ್ಲಿ ಒಂದು ಗೆರೆ, ಗೆರೆಯ ಮೇಲೆ ಒಂದು ಗುಂಡಿ. ಗುಂಡಿಯನ್ನು ಬಲಕ್ಕೆ ಎಳೆದ ಹಾಗೆಲ್ಲ ಕತ್ತಲು ಇಳಿಯುತ್ತಿತ್ತು, ಇಳಿತದ ಹೊತ್ತಿನಲ್ಲಿ ಸಮುದ್ರ ಹಿಂದೆ ಸರಿದು ಬಂಡೆ ಕಾಣುವ ಹಾಗೆ. ಮೊದಲು ಒಂದು ಮೆಟ್ಟಿಲು. ಆಮೇಲೆ ದೋಣಿಯ ಮೂತಿ, ಅದರ ಹಗ್ಗ. ನಾನು "ಅಗೋ, ಅಗೋ" ಎನ್ನುತ್ತಿದ್ದಂತೆ ಅವಳು ಇನ್ನೂ ಎಳೆದಳು. ಇಡೀ ಘಾಟು ಬೂದಿ ಎರಚಿದಂತಾಯಿತು. ಆಕಾಶದ ಕೆಂಪು ತೊಳೆದುಹೋಗಿ ಮಟಮಟ ಮಧ್ಯಾಹ್ನವಾಯಿತು.

"ಹಾಳಾಯ್ತು" ಎಂದು ಹಿಂದಕ್ಕೆ ತಂದಳು. ಈ ಸಲ ಆಕಾಶವನ್ನು ಬಿಟ್ಟು ಮೆಟ್ಟಿಲಿನ ಸುತ್ತ ಮಾತ್ರ ಗೆರೆ ಎಳೆದುಕೊಂಡಳು. ಬೆಳಕು ಹೆಚ್ಚಾಯಿತು, ಕಡಿಮೆಯಾಯಿತು, ಮತ್ತೆ ಹೆಚ್ಚಾಯಿತು. ಅಷ್ಟರಲ್ಲಿ ಟ್ಯೂಬ್‌ಲೈಟು ಪಕಪಕ ಎಂದಿತು. ಪೆಂಡಾಲಿನ ದೀಪಗಳನ್ನು ಹಾಕಿ ನೋಡುತ್ತಿದ್ದರೆಂದು ಕಾಣುತ್ತದೆ. ಕರೆಂಟು ಹೋದರೆ ಮಾಡಿದ್ದೆಲ್ಲ ಹೋಗುತ್ತದಂತೆ. "ಸೇವ್ ಮಾಡು, ಸೇವ್ ಮಾಡು" ಎಂದು ಮಗ ಸ್ಕೂಟರಿನ ಕೀಲಿ ಹಿಡಿದು ಬಾಗಿಲಲ್ಲಿ ಕುಣಿಯುತ್ತಿದ್ದ.

ಮಗು ಕಣ್ಣು ಉಜ್ಜಿಕೊಂಡಿತು. "ಯಾವುದು ಸರಿ ಅಂತ ಗೊತ್ತಾಗ್ತಾ ಇಲ್ಲ ಅಜ್ಜಿ. ನೋಡಿ ನೋಡಿ ಕಣ್ಣಿಗೇ ಮರೆತುಹೋಯ್ತು." ಆಮೇಲೆ ತಟ್ಟನೆ ತಿರುಗಿದಳು. "ಆ ದಿನ ನೀವು ನೀರಿಗೆ ಇಳಿದ್ರಲ್ಲ. ಆಗ ಮೆಟ್ಟಿಲು ಕಾಣ್ತಿತ್ತಾ?"

ಕಣ್ಣು ಮುಚ್ಚಿ ನೆನಪಿಸಿಕೊಂಡೆ. "ಮೇಲಿನದ್ದು ಕಾಣ್ತಿತ್ತು. ಕೆಳಗಿನದ್ದರಲ್ಲಿ ಒದ್ದೆ ಅಂಚು ಮಾತ್ರ ಮಿಂಚ್ತಿತ್ತು. ಅದಕ್ಕೇ ಅಲ್ವಾ ಸೀರೆ ಎತ್ತಿ ಹಿಡಿದು ಕಾಲಲ್ಲಿ ತಡವಿ ತಡವಿ ಇಳಿದದ್ದು."

"ಅಷ್ಟೇ! ಅಷ್ಟೇ ಕಾಣ್ಬೇಕು."

ಗುಂಡಿಯನ್ನು ಸ್ವಲ್ಪ ಹಿಂದಕ್ಕೆ ತಂದಳು. ಕೆಳಗಿನ ಮೆಟ್ಟಿಲುಗಳು ಮತ್ತೆ ಅರೆಗತ್ತಲಿಗೆ ಇಳಿದವು, ಅಂಚುಗಳು ಉಳಿದವು. "ಪೇಪರಿಗೆ ಇನ್ನೊಂದು ಚೂರು" ಎಂದು ತನ್ನಷ್ಟಕ್ಕೇ ಹೇಳಿಕೊಂಡು ಕೂದಲೆಳೆಯಷ್ಟು ಬೆಳಕು ಏರಿಸಿ, ಸಿ.ಡಿ.ಗೆ ಹಾಕಿಕೊಂಡು, ಅಪ್ಪನ ಹಿಂದೆ ಕೂತು ಸ್ಟುಡಿಯೋಗೆ ಹೋದಳು.

ನಾನೂ ಸೊಸೆಯೂ ಪೆಂಡಾಲಿಗೆ ಹೋಗಿ ಕಾದೆವು. ಫೋಟೋಗಳ ಸಾಲಿನಲ್ಲಿ ಒಂದೇ ಒಂದು ಜಾಗ ಖಾಲಿ. ಢಾಕಿನವನು ಭುಜಕ್ಕೆ ಪಟ್ಟಿ ಏರಿಸಿಕೊಂಡ. ದಾದಾ ಬೇರೊಂದು ಫೋಟೋ ಕೈಗೆತ್ತಿಕೊಂಡು ಆ ಖಾಲಿ ಜಾಗದ ಹತ್ತಿರ ಬಂದರು. ನಾನು ಏನು ಮಾಡಿದೆ ಗೊತ್ತೇ? ಹೋಗಿ ಅದಕ್ಕೆ ಬೆನ್ನು ಕೊಟ್ಟು ನಿಂತುಬಿಟ್ಟೆ. "ಮಾಶಿಮಾ, ಎಕ್ಟು ಸೊರೂನ್" ಎಂದರು, ಅಮ್ಮಾ, ಸ್ವಲ್ಪ ಸರಿಯಿರಿ ಎಂದು. ಅರ್ಥವಾಗದವಳ ಹಾಗೆ ನಕ್ಕೆ. ಅಷ್ಟರಲ್ಲಿ ಸ್ಕೂಟರಿನ ಸದ್ದು ಕೇಳಿತು.

ದಾದಾ ಫೋಟೋವನ್ನು ದೀಪಕ್ಕೆ ಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು. ಖಾಲಿ ಜಾಗದಲ್ಲಿ ಇಟ್ಟು ಪಿನ್ನು ಚುಚ್ಚಿದರು. ಢಾಕ್ ಶುರುವಾಯಿತು.

ಹುಡುಗಿಯರು ಇವಳನ್ನು ಸುತ್ತಿಕೊಂಡು, ಇಷ್ಟು ಹೊತ್ತು ಎಲ್ಲಿದ್ದೆ, ಬೇರೆ ಪೆಂಡಾಲ್ ನೋಡಲು ನಮ್ಮ ಜೊತೆ ಬಾ ಎಂದು ಕೈ ಹಿಡಿದು ಎಳೆದರು. ಹೋಗುತ್ತೇನೆ ಅಜ್ಜಿ ಎಂದು ಹೇಳಲೂ ಇಲ್ಲ ಆ ಕತ್ತೆ, ಓಡಿಯೇಹೋದಳು! ನನಗೆ ಎಷ್ಟು ಖುಷಿಯಾಯಿತೆಂದರೆ ಸೊಸೆಯ ತೋಳನ್ನು ಚಿವುಟಿಬಿಟ್ಟೆ.

ನನ್ನ ಪಕ್ಕದಲ್ಲಿ ಕೆಂಪಂಚಿನ ಸೀರೆಯ ಮುದುಕಿಯೊಬ್ಬರು ಆ ಫೋಟೋದ ಮುಂದೆ ನಿಂತಿದ್ದರು. ಮೊದಲ ಮೆಟ್ಟಿಲು ನೋಡಿದರು, ಕಣ್ಣು ಸಣ್ಣ ಮಾಡಿ ಕೆಳಗಿನದ್ದನ್ನು ನೋಡಿದರು. ಆಮೇಲೆ, ತಮಗೇ ತಿಳಿಯದ ಹಾಗೆ, ಸೀರೆಯ ನಿರಿಗೆಯನ್ನು ಸ್ವಲ್ಪ ಮೇಲಕ್ಕೆತ್ತಿ ಹಿಡಿದುಕೊಂಡರು.