ಹಗೂರಕ ತಗೊಂಡ ಕ್ಯಾಮೆರಾ

ನನ್ನ ಕ್ಯಾಮೆರಾದ ತೂಕ ನನ್ನ ಊಟದ ಡಬ್ಬಿಗಿಂತ ಕಡಿಮೆ. ಈ ಸಂಗತಿಯನ್ನು ಮೂರೂವರೆ ವರ್ಷ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದೆ. ಈಗ ಆರು ತಿಂಗಳಿಂದ ಅದೇ ಸಂಗತಿಯನ್ನು ದೂರಿನ ಧಾಟಿಯಲ್ಲಿ ಹೇಳುತ್ತಿದ್ದೇನೆ. ಚಿತ್ರಗಳು ಮೊದಲಿನಂತೆ ಬರುತ್ತಿಲ್ಲ. ಭಾನುವಾರ ಬೆಳಿಗ್ಗೆ ಅಂಬಾಝರಿ ಕೆರೆಗೆ ಹೋಗಿ ಮಿಂಚುಳ್ಳಿಯ ಚಿತ್ರ ತೆಗೆಯುತ್ತೇನೆ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ನೋಡಿದರೆ ಅದು ಮಿಂಚುಳ್ಳಿಯೇ. ಮನೆಗೆ ಬಂದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದರೆ, ಯಾರೋ ಕೊಂಬೆಗೆ ಒಣಹಾಕಿದ ನೀಲಿ ಕರ್ಚೀಫು. ಇದನ್ನು ಕೊಟ್ಟು ಇನ್ನೂ ದೊಡ್ಡದು, ಇನ್ನೂ ಒಳ್ಳೆಯದು ಒಂದನ್ನು ಕೊಳ್ಳಬೇಕೇ ಬೇಡವೇ ಎಂಬುದು ನಮ್ಮ ಮನೆಯ ಸದ್ಯದ ಜ್ವಲಂತ ಪ್ರಶ್ನೆ. ಮನೆಯ ಎಂದರೆ ನನ್ನ. ಹೆಂಡತಿ ಗಿರಿಜಾಳಿಗೆ ಜ್ವಲಿಸುವುದು ಗ್ಯಾಸಿನ ಒಲೆಯೊಂದೇ.

ಈ ಹಗುರದ ಕ್ಯಾಮೆರಾ ಮನೆಗೆ ಬಂದದ್ದೇ ಒಂದು ತಪ್ಪಿನಿಂದ. ನಾನು ಮೈಸೂರಿನವನು, ಹೆಂಡತಿ ಧಾರವಾಡದವಳು. ಬ್ಯಾಂಕಿನ ವರ್ಗಾವಣೆ ನಮ್ಮಿಬ್ಬರನ್ನೂ ನಾಗಪುರಕ್ಕೆ ತಂದು ಕೂರಿಸಿ ಹನ್ನೊಂದು ವರ್ಷವಾಯಿತು. ನಾಲ್ಕು ವರ್ಷದ ಹಿಂದೆ ಸೀತಾಬರ್ಡಿಯ ಅಂಗಡಿಯೊಂದರಲ್ಲಿ ಎರಡು ಕ್ಯಾಮೆರಾಗಳನ್ನು ಎದುರಿಗಿಟ್ಟುಕೊಂಡು, ಯಾವುದೆಂದು ತಿಳಿಯದೆ ಅವಳಿಗೆ ಫೋನ್ ಮಾಡಿದೆ. "ಹಗೂರಕ ತಗೋರಿ" ಎಂದಳು. ಆಹಾ, ನನ್ನ ಭುಜದ ನೋವಿನ ಬಗ್ಗೆ ಇವಳಿಗೆ ಎಷ್ಟು ಕಾಳಜಿ ಎಂದುಕೊಂಡು, ಇದ್ದುದರಲ್ಲೇ ಅತಿ ಹಗುರದ್ದನ್ನು ಹತ್ತು ನಿಮಿಷದಲ್ಲಿ ಕೊಂಡು ಮನೆಗೆ ತಂದೆ.

"ಇಷ್ಟ ಜಲ್ದಿ ತಗೊಂಡ್ರಿ? ನಾ ಹಗೂರಕ ತಗೋರಿ ಅಂದಿದ್ದೆ. ಗಡಬಡಿ ಮಾಡಬ್ಯಾಡ್ರಿ, ನಾಕ ಅಂಗಡಿ ನೋಡ್ರಿ ಅಂತ!"

ಧಾರವಾಡದಲ್ಲಿ ಹಗೂರಕ ಎಂದರೆ ನಿಧಾನಕ್ಕೆ. ಮದುವೆಯಾಗಿ ಇಪ್ಪತ್ತೆಂಟು ವರ್ಷವಾದರೂ ನನಗೆ ಇನ್ನೂ ಪಾಠ ಮುಗಿದಿಲ್ಲ. ನಾವು ಮೈಸೂರಿನವರು ಫೋಟೋ ತೆಗೆಯುತ್ತೇವೆ, ಅವಳ ಕಡೆ ಹೊಡೆಯುತ್ತಾರೆ, ಇಲ್ಲಿನ ಹಿಂದಿಯವರು ಎಳೆಯುತ್ತಾರೆ. ಇನ್ನು ಹಗುರಕ್ಕೆ ಇಲ್ಲಿಯವರ ಮಾತು 'ಹಲ್ಕಾ'. ನಮ್ಮಲ್ಲಿ ಅದು ಬೈಗುಳ. ಊರಿಂದ ಬಂದಿದ್ದ ನಮ್ಮ ನಾದಿನಿಗೆ ಪಕ್ಕದ ಮನೆಯಾಕೆ ಪ್ರೀತಿಯಿಂದ "ಹಲ್ಕಾ ನಾಸ್ತಾ" ಮಾಡಿಕೊಂಡು ಹೋಗಿ ಎಂದು ಕರೆದಾಗ, ಆಕೆ ಮುಖ ಸಣ್ಣದು ಮಾಡಿಕೊಂಡು ಒಳಗೆ ಹೋಗಿ ಕುಳಿತಿದ್ದಳು.

ನನ್ನ ಕ್ಯಾಮೆರಾ ಹಗುರವಾಗಿರುವುದಕ್ಕೆ ಶಾಸ್ತ್ರೀಯ ಕಾರಣವೂ ಇದೆ. ಹಳೆಯ ದೊಡ್ಡ ಕ್ಯಾಮೆರಾಗಳ ಹೊಟ್ಟೆಯಲ್ಲಿ ಒಂದು ಕನ್ನಡಿ ಇರುತ್ತಿತ್ತು. ಈ ಹೊಸ ಜಾತಿಯವು ಮಿರರ್‌ಲೆಸ್, ಅಂದರೆ ಕನ್ನಡಿಯನ್ನೇ ಕಿತ್ತುಹಾಕಿ ಮೈ ಹಗುರ ಮಾಡಿಕೊಂಡವು. ಐವತ್ತು ದಾಟಿದ ಯಾರಿಗೂ ಈ ಉಪಾಯದ ಸೊಗಸನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದದ್ದು ಸೆನ್ಸರ್ ಎಂಬ ಬಿಲ್ಲೆ. ಮಳೆಗೆ ಅಂಗಳದಲ್ಲಿ ಇಟ್ಟ ಪಾತ್ರೆಯಂತೆ, ಅದು ದೊಡ್ಡದಾದಷ್ಟೂ ಹೆಚ್ಚು ಬೆಳಕು ಹಿಡಿಯುತ್ತದೆ. ನನ್ನದು ಲೋಟ. ಕೊಳ್ಳಬೇಕೆಂದಿರುವುದು ಕೊಳಗ. ಕೊಳಗದ ಗುಣಗಾನ ಮಾಡುವ ವಿಡಿಯೋಗಳನ್ನು ಆರು ತಿಂಗಳಿಂದ ನೋಡಿ ನೋಡಿ, ಅದನ್ನು ಕೊಳ್ಳದೆಯೇ ಅದರ ರಿಪೇರಿ ಮಾಡಬಲ್ಲಷ್ಟು ಪಂಡಿತನಾಗಿದ್ದೇನೆ.

ಇಷ್ಟೆಲ್ಲ ಹೇಳಿದ ಮೇಲೆ, ಹೇಳದೆ ಉಳಿಸಿಕೊಂಡ ಒಂದು ಮಾತನ್ನೂ ಹೇಳಿಬಿಡುತ್ತೇನೆ. ಬ್ಯಾಂಕಿನಲ್ಲಿ ಮೂವತ್ತು ವರ್ಷ ನಾನು ಇನ್ನೊಬ್ಬರ ಸಹಿ ನೋಡಿ ಬದುಕಿದವನು. "ಸಹಿ ಹೊಂದುತ್ತಿಲ್ಲ" ಎಂದು ಎಷ್ಟೋ ಜನರ ಚೆಕ್ಕು ಹಿಂದಿರುಗಿಸಿದ್ದೇನೆ. ಕಳೆದ ಮಳೆಗಾಲದ ಹೊತ್ತಿಗೆ ಕೆಳಗಿನ ಗುಮಾಸ್ತೆಯೊಬ್ಬಳು ಸಂಕೋಚದಿಂದ ಒಂದು ಫಾರ್ಮು ತಂದು ಎದುರಿಗಿಟ್ಟಳು. "ಸರ್, ಸಹಿ ಬರೋಬರ್ ನಹೀ ಹೈ." ನೋಡಿದರೆ ಅದು ನನ್ನದೇ ಸಹಿ. ಪೆನ್ನು ಸರಿಯಿಲ್ಲ ಎಂದೆ. ಪೆನ್ನು ಬದಲಾಯಿಸಿದೆ, ಆಮೇಲೆ ಮೇಜಿನ ಎತ್ತರದ ಮೇಲೆ ತಪ್ಪು ಹೊರಿಸಿದೆ, ಕೊನೆಗೆ ಕ್ಯಾಮೆರಾದ ಸರದಿ ಬಂತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆಕೆ ದೂರಿದ್ದು ನೆಲವೊಂದನ್ನೇ, ನಾನು ಇಡೀ ಮನೆಯ ಸಾಮಾನನ್ನೇ ಡೊಂಕು ಮಾಡಿದ್ದೆ. ಕ್ಯಾಮೆರಾದ್ದೇ ತಪ್ಪೆಂದಾದರೆ ಅಂಗಡಿಗೆ ಹೋದರೆ ಮುಗಿಯಿತು. ಕೈಯದೆಂದಾದರೆ ಎಲ್ಲಿಗೆ ಹೋಗುವುದು? ಆ ಪ್ರಶ್ನೆ ನನಗೆ ಬೇಡವಾಗಿತ್ತು. ಹೆದರಿಕೆ ಎಂದರೆ ಹೆದರಿಕೆಯೇ.

ಆದ್ದರಿಂದ ಅಂಗಡಿಗೇ ಹೋದೆ, ಈ ಸಲ ಗಿರಿಜಾಳ ಜೊತೆ. ಅಂಗಡಿಯವನು ಕೊಳಗವನ್ನು ನನ್ನ ಕೈಗೆ ಕೊಟ್ಟು ಅದರ ಮಹಿಮೆ ಹೇಳಿದ. ಕೊನೆಗೆ ನನ್ನ ಬೆರಳುಗಳ ಕಡೆ ನೋಡದವನಂತೆ ನೋಡಿ, "ಇಸ್ಮೇ ಸ್ಟೆಬಿಲೈಜೇಶನ್ ಹೈ ಸಾಬ್. ಹಾಥ್ ಹಿಲಾ ತೋ ಭೀ ಚಲೇಗಾ" ಎಂದ. ಕೈ ಅಲುಗಿದರೂ ನಡೆಯುತ್ತದಂತೆ! ಯಾರ ಕೈ ಅಲುಗುತ್ತಿದೆ ಸ್ವಾಮಿ? ವಿಚಾರ ಮಾಡಿ ಹೇಳುತ್ತೇನೆ ಎಂದು ಹೊರಗೆ ಬಂದೆ. ಆಟೋದಲ್ಲಿ ಗಿರಿಜಾ, "ಅಂವಾ ಛಲೋ ಮಾತ ಹೇಳಿದಾ ಅಲ್ರೀ, ಸಿಟ್ಟ್ಯಾಕ?" ಎಂದಳು. ನನಗೆ ಸಿಟ್ಟು ಬಂದಿರಲಿಲ್ಲ ಎಂದು ಸಿಟ್ಟಿನಿಂದ ಹೇಳಿದೆ.

ಮರು ಭಾನುವಾರ ಗಿರಿಜಾಳೂ ಕೆರೆಗೆ ಬಂದಳು. ಚಳಿ ಚೆನ್ನಾಗಿತ್ತು. ಮಿಂಚುಳ್ಳಿ ಬರಲಿಲ್ಲ. ಕೆರೆಯ ಹತ್ತಿರದ ಗಾಡಿಯಲ್ಲಿ ತರ್ರಿ ಪೋಹೆ ತೆಗೆದುಕೊಂಡೆವು. ನಮ್ಮ ಒಗ್ಗರಣೆ ಅವಲಕ್ಕಿಯ ಮೇಲೆ ಕೆಂಪಗೆ ಕುದಿಯುವ ಕಡಲೆಯ ಸಾರು ಸುರಿದರೆ ಅದು ತರ್ರಿ ಪೋಹೆ. ತಿಂದವನ ಮೂಗೂ ಕಣ್ಣೂ ಒಟ್ಟಿಗೆ ಸುರಿಯದಿದ್ದರೆ ಗಾಡಿಯವನಿಗೆ ಅವಮಾನ. ಸಾರು ಬೀಳುತ್ತದೆಂದು ಗಿರಿಜಾ ನನ್ನ ಕೊರಳಿನಿಂದ ಕ್ಯಾಮೆರಾ ಬಿಡಿಸಿ ತಾನು ಹಾಕಿಕೊಂಡಳು. ಹಾಕಿಕೊಂಡವಳು ಸುಮ್ಮನಿರದೆ, "ಎಲ್ಲಿ ಒತ್ತೋದ್ರಿ ಇದು?" ಎಂದು ಕೇಳಿದಳು. ಬಾಯಿ ತುಂಬ ಪೋಹೆ ಇದ್ದುದರಿಂದ ಹುಬ್ಬಿನಲ್ಲೇ ತೋರಿಸಿದೆ. ಒಂದೇ ಒಂದು ಹೊಡೆದಳು.

ಮನೆಗೆ ಬಂದು ಆ ಚಿತ್ರವನ್ನು ದೊಡ್ಡದು ಮಾಡಿದೆ. ನಿಜ ಹೇಳುತ್ತೇನೆ, ಅಂಥ ಚಿತ್ರವನ್ನು ಆ ಕ್ಯಾಮೆರಾದಲ್ಲಿ ನಾನು ಒಂದೂ ತೆಗೆದಿಲ್ಲ. ಗಾಡಿಯ ಹಬೆ, ತಟ್ಟೆಯಲ್ಲಿ ಒಂದೊಂದೇ ಎಣಿಸಬಹುದಾದ ಕಡಲೆಕಾಳು, ನನ್ನ ಮೀಸೆಗೆ ಅಂಟಿದ ಸೇವು, ಹಿಂದಿನ ಮರದ ತೊಗಟೆ, ಎಲ್ಲ ಕೆತ್ತಿದ ಹಾಗಿದ್ದವು. ಕ್ಯಾಮೆರಾ ಅಲುಗಿದ್ದರೆ ಚಿತ್ರವೆಲ್ಲ ಅಲುಗಬೇಕಿತ್ತು. ಅಲುಗಿದ್ದು ಒಂದೇ: ಚಮಚ ಹಿಡಿದ ನನ್ನ ಬಲಗೈ. ಮಣಿಕಟ್ಟಿನಿಂದ ಮುಂದೆ ಕೈ ಇರಬೇಕಾದಲ್ಲಿ ಒಂದು ಮಂಜು. ಆರು ತಿಂಗಳಿಂದ ನಾನು ಕೇಳುತ್ತಿದ್ದ ಪ್ರಶ್ನೆಗೆ ಆ ಬಡಪಾಯಿ ಲೋಟ ಇಷ್ಟು ಸ್ಪಷ್ಟವಾಗಿ ಉತ್ತರ ಕೊಡುತ್ತದೆಂದು ಗೊತ್ತಿರಲಿಲ್ಲ. ಗಿರಿಜಾ ಹಿಂದೆ ನಿಂತು ನೋಡುತ್ತಿದ್ದಳು.

"ಕ್ಯಾಮೆರಾ ಛಲೋನ ಐತ್ರಿ" ಎಂದಳು. ಆಮೇಲೆ, "ನಾಳೆ ಸೂಟಿ ಹಾಕ್ರಿ. ಡಾಕ್ಟರ ಕಡೆ ಹೋಗಿ ಬರೂಣು."

ನರಗಳ ಡಾಕ್ಟರು ಕಾಗದದ ಮೇಲೆ ಚಕ್ಕುಲಿ ಬರೆಸಿದರು, ಕೈ ಚಾಚಿಸಿದರು, ನಡೆಸಿದರು, ಇದು ಯಾವಾಗಿನಿಂದ ಎಂದು ಕೇಳಿದರು. ನಾನು ಬಾಯಿ ಬಿಡುವ ಮೊದಲೇ ಗಿರಿಜಾ ಫೋನಿನಲ್ಲಿದ್ದ ನನ್ನ ಚಿತ್ರಗಳನ್ನು ತಾರೀಖಿನ ಸಮೇತ ತೋರಿಸಿದಳು. ಹೋದ ಯುಗಾದಿಯ ಮಿಂಚುಳ್ಳಿಗೆ ಕೊಕ್ಕಿತ್ತು, ದಸರೆಯ ಮಿಂಚುಳ್ಳಿಗೆ ಅರ್ಧ ಕೊಕ್ಕು, ಸಂಕ್ರಾಂತಿಯದಕ್ಕೆ ಕೊಕ್ಕೇ ಇಲ್ಲ. ಇಷ್ಟು ಚೊಕ್ಕ ದಾಖಲೆಯನ್ನು ಯಾವ ರೋಗಿಯೂ ತಂದಿರಲಿಲ್ಲವಂತೆ. ನಾನು ಹೆದರಿದ್ದ ದೊಡ್ಡ ಹೆಸರಿನ ಕಾಯಿಲೆ ಇದಲ್ಲ, ಕೆಲವರಿಗೆ ವಯಸ್ಸಿನೊಂದಿಗೆ ಬರುವ ನಡುಕ ಎಂದರು. ಹೋಗುವುದಿಲ್ಲ, ಮಾತ್ರೆಯಿಂದ ತುಸು ತಗ್ಗಬಹುದು. ಅಷ್ಟರಲ್ಲಿ ಅವರ ಬೆರಳು ಪೋಹೆಯ ಚಿತ್ರದ ಮೇಲೆ ಬಂದು ನಿಂತಿತು. "ಅರೆ, ಬಹುತ್ ಸಾಫ್ ಫೋಟೋ ಹೈ. ಕೌನ್ಸಾ ಕ್ಯಾಮೆರಾ ಹೈ?" ಲೋಕದ ರೀತಿಯೇ ಹೀಗೆ. ಚಿತ್ರ ಚೆನ್ನಾಗಿದ್ದರೆ ಯಾವ ಕ್ಯಾಮೆರಾ ಎನ್ನುತ್ತಾರೆ. ಕೆಟ್ಟರೆ ಯಾರು ತೆಗೆದದ್ದು ಎನ್ನುತ್ತಾರೆ. ನಾನು ಕ್ಯಾಮೆರಾದ ಹೆಸರು ಹೇಳಲಿಲ್ಲ. "ಇವಳು ತೆಗೆದದ್ದು" ಎಂದೆ. ಇನ್ನು ಕ್ಯಾಮೆರಾ ಅವಳ ಕೊರಳಲ್ಲೇ ಇರುತ್ತದೆ, ಕೊಂಬೆ ತೋರಿಸುವ ಕೆಲಸ ನನ್ನದು ಎಂದು ಅಲ್ಲಿಯೇ ತೀರ್ಮಾನವಾಯಿತು.

ಹಿಂದಿರುಗುವಾಗ ಆಟೋ ಸಿವಿಲ್ ಲೈನ್ಸಿನ ಅಗಲವಾದ ರಸ್ತೆಯಲ್ಲಿ ಬರುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತಾಗ, ಅಕ್ಕಪಕ್ಕದ ಕಾರಿನವರೆಲ್ಲ ನೋಡುವಂತೆ ಗಿರಿಜಾ ನನ್ನ ಬಲಗೈ ಹಿಡಿದುಕೊಂಡಳು. ಇಪ್ಪತ್ತೆಂಟು ವರ್ಷದಲ್ಲಿ ಬೀದಿಯಲ್ಲಿ ಅವಳು ಹಾಗೆ ಮಾಡಿದ್ದು ಅದೇ ಮೊದಲು. ಕೈ ನಡುಗುತ್ತಿತ್ತೋ ನಿಂತಿತ್ತೋ, ನಾನು ನೋಡಲು ಹೋಗಲಿಲ್ಲ.