ತಿಮ್ಮಕ್ಕನ ಹಲ್ಲಿಗೆ ಸಿಕ್ಕ ಭತ್ತ

ಬೆಳ್ಳಾರೆಯಲ್ಲಿ ಅಲಿ ಕುಂಞಿಯವರ ಅಕ್ಕಿ ಮಿಲ್ಲು ಶುರುವಾದದ್ದು ೧೯೫೮ರಲ್ಲಿ. ಡೀಸೆಲ್ ಇಂಜಿನ್ನಿನ ಸದ್ದು ಕೇಳಿದ ದಿನವೇ ತಿಮ್ಮಕ್ಕ ತನ್ನ ಕೆಲಸ ಹೋಯಿತೆಂದುಕೊಂಡಳು. ಇಪ್ಪತ್ತು ವರ್ಷಗಳಿಂದ ಆರು ಮನೆಗಳ ಭತ್ತ ಬೇಯಿಸಿ, ಒಣಗಿಸಿ, ಒನಕೆಯಲ್ಲಿ ಕುಟ್ಟಿ ಕುಚ್ಚಲಕ್ಕಿ ಮಾಡಿಕೊಟ್ಟು ಬದುಕಿದವಳು ಅವಳು. ಗಂಡನಿಲ್ಲ, ಗದ್ದೆಯಿಲ್ಲ, ಇದ್ದದ್ದು ಎರಡು ತೋಳು, ಒಂದು ಒನಕೆ. ಅವಳ ಇಡೀ ದಿನದ ಕೆಲಸವನ್ನು ಆ ಮಿಲ್ಲು ಒಂದು ವೀಳ್ಯ ಜಗಿಯುವಷ್ಟರಲ್ಲಿ ಮುಗಿಸಿ ಬಿಸಾಡುತ್ತಿತ್ತು. ತಿಂಗಳೊಳಗೆ ಐದು ಮನೆಯವರು ಅವಳನ್ನು ಕರೆಯುವುದನ್ನೇ ಬಿಟ್ಟರು.

ಆದರೆ ಮಿಲ್ಲಿನ ಅಕ್ಕಿ ಅರ್ಧಕ್ಕರ್ಧ ನುಚ್ಚಾಗತೊಡಗಿತು. ಬೈಗುಳವೆಲ್ಲ ಇಂಜಿನ್ ನಡೆಸುವ ವರ್ಕಿಯ ತಲೆಗೆ. ಕೇರಳದಿಂದ ಬಂದು, ಹೆಂಡತಿ ಮಕ್ಕಳನ್ನು ನೆಲ್ಯಾಡಿಯ ಗುಡಿಸಲಲ್ಲಿ ಬಿಟ್ಟು ದುಡಿಯುತ್ತಿದ್ದವನು.

"ಎಲ್ಲಿಂದಲೋ ಬಂದವನಿಗೆ ನಮ್ಮ ಭತ್ತದ ವಿಷಯ ಎಂತ ಗೊತ್ತುಂಟು?" ಎಂದರು ಜನ. ಅಕ್ಕಿ ಸರಿಯಾಗದಿದ್ದರೆ ಕೆಲಸ ಬಿಡಬೇಕೆಂದು ಅಲಿ ಕುಂಞಿಯವರು ಅವನಿಗೆ ಒಂದು ವಾರದ ಗಡುವು ಕೊಟ್ಟರು.

ಸುಳ್ಳೇಕೆ, ತಿಮ್ಮಕ್ಕನಿಗೆ ಒಳಗೊಳಗೇ ಖುಷಿಯಾಯಿತು. ಮಿಲ್ಲು ಮುಚ್ಚಿದರೆ ಒನಕೆಗೆ ಮತ್ತೆ ಕೆಲಸ. ತಮಾಷೆ ನೋಡಲೆಂದೇ ಹೋದಳು. ಜನ ಅಂಗಳದ ಬಿಸಿಲಿನಲ್ಲಿ ಒಣಗಿದ ಭತ್ತವನ್ನು ಹಾಗೆಯೇ ತಂದು ಸುರಿಯುತ್ತಿದ್ದರು. ಮಿಲ್ಲಿಗೆ ಅವಸರವೆಂದು ಭತ್ತಕ್ಕೂ ಅವಸರ! ಅಲ್ಲಿಗೇ ಅವಳಿಗೆ ಗುಟ್ಟು ಗೊತ್ತಾಯಿತು. ಬಾಯಿಮುಚ್ಚಿಕೊಂಡು ಬಂದಿದ್ದರೆ ಆಗುತ್ತಿತ್ತು. ಆದರೆ ವರ್ಕಿ ನೆಲಕ್ಕೆ ಕುಕ್ಕರಗಾಲಲ್ಲಿ ಕೂತು ನುಚ್ಚನ್ನು ಬೊಗಸೆಯಲ್ಲಿ ಎತ್ತಿ ನೋಡುತ್ತಿದ್ದ. ಕೆಲಸ ಹೋಗುವ ಮುಖ ಹೇಗಿರುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಒಂದು ಕಾಳು ಬಾಯಿಗೆ ಹಾಕಿ ಕಚ್ಚಿದಳು.

"ಬಿಸಿ ಇನ್ನೂ ಒಳಗೇ ಉಂಟು ಮಾರಾಯ, ತುಂಡಾಗದೆ ಎಂತಾಗ್ತದೆ? ರಾಶಿ ಮಾಡಿ ಗೋಣಿ ಮುಚ್ಚಿ ಒಂದು ರಾತ್ರಿ ಬಿಡು. ನಾಳೆ ಕಚ್ಚಿದರೆ ಟಕ್ಕಂತ ಹೇಳ್ತದೆ. ಆಮೇಲೆ ಹಾಕು."

ಮರುದಿನ ಅಕ್ಕಿ ಇಡಿಯಾಗಿ ಬಂತು. ಮೆಚ್ಚುಗೆ ವರ್ಕಿಗೇ ಸಿಗುತ್ತಿತ್ತು. ಆ ಪುಣ್ಯಾತ್ಮ ಅದನ್ನು ಜೇಬಿಗಿಳಿಸಲಿಲ್ಲ.

"ಸಾಹುಕಾರ್ರೆ, ಇದು ನನ್ನ ಬುದ್ಧಿ ಅಲ್ಲ, ತಿಮ್ಮಕ್ಕನದ್ದು. ಅವರನ್ನು ಕರೀರಿ."

ಅಲಿ ಕುಂಞಿಯವರೇ ಅವಳ ಮನೆಯಂಗಳಕ್ಕೆ ಬಂದರು. "ಭತ್ತ ನೋಡುವ ಕೆಲಸಕ್ಕೆ ಬನ್ನಿ ತಿಮ್ಮಕ್ಕ. ಕುಟ್ಟುದು ಬೇಡ."

ಅಂದಿನಿಂದ ಅವಳು ಕಚ್ಚಿ ತಲೆಯಾಡಿಸದೆ ಒಂದು ಮೂಟೆಯೂ ಮಿಲ್ಲಿಗೆ ಬೀಳಲಿಲ್ಲ. ತನ್ನ ಅನ್ನ ಕಸಿಯಲು ಬಂದ ಯಂತ್ರಕ್ಕೇ ಹದ ಕಲಿಸಿದವಳು! ಅಂಥ ದೊಡ್ಡ ಮನಸ್ಸು ನನಗಂತೂ ಇಲ್ಲ.

ಹತ್ತು ವರ್ಷಗಳಲ್ಲಿ ಅವಳ ಹಲ್ಲುಗಳೆಲ್ಲ ಉದುರಿದವು. ಇನ್ನು ತನ್ನಿಂದ ಏನು ಉಪಯೋಗವೆಂದು ತಿಮ್ಮಕ್ಕ ಮನೆಯಲ್ಲೇ ಉಳಿದಳು. ವರ್ಕಿ ಬಂದು ಕೈಹಿಡಿದು ಕರೆದೊಯ್ದ. ಮಿಲ್ಲಿನೊಳಗೆ ಅವಳನ್ನು ಸ್ಟೂಲಿನ ಮೇಲೆ ಕೂರಿಸಿದ.

"ನಾನು ಕಚ್ಚುತ್ತೇನೆ, ನೀವು ಕೇಳಿ" ಎಂದು ಹೇಳಿ ಇಂಜಿನ್ ನಿಲ್ಲಿಸಿದ.

ಸರದಿಯಲ್ಲಿ ನಿಂತಿದ್ದವರೂ ಸುಮ್ಮನಾದರು. ಒಂದು ಕಾಳು ಟಕ್ಕೆಂದಿತು.

"ಆಯ್ತು, ಹಾಕು" ಎಂದಳು ತಿಮ್ಮಕ್ಕ.